ಗಟ್ಟಿಯಾಗಿ ಹಿಡಿದರೆ ಕ್ರಿಯೆ ನಿಲ್ಲಬೇಕಲ್ವಾ? ಕಬ್ಬಿನ ಸಕ್ಕರೆ ಮತ್ತು ಅಣುಗಳ ಗುರುತು

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರ ಕಬ್ಬಿನ ಹೊಲ. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಕಿಣ್ವ ತನಗೆ ಬೇಕಾದ ಅಣುವನ್ನು ಗುರುತಿಸಿ ಹಿಡಿದುಕೊಳ್ಳುತ್ತದೆ, ಅದಕ್ಕೇ ಕ್ರಿಯೆ ವೇಗವಾಗಿ ನಡೆಯುತ್ತದೆ ಎಂದು ಪಾಠದಲ್ಲಿ ಹೇಳಿದರು. ಆದರೆ ಒಂದು ಅಣುವನ್ನು ಗಟ್ಟಿಯಾಗಿ ಹಿಡಿದರೆ ಅದು ಇನ್ನಷ್ಟು ಸ್ಥಿರವಾಗಬೇಕಲ್ವಾ? ಹಾಗಾದರೆ ಕ್ರಿಯೆ ನಿಧಾನ ಆಗಬೇಕಿತ್ತು. ಇನ್ನೊಂದು ಮಾತು. ಕಡಿದ ಕಬ್ಬು ಎರಡು ಮೂರು ದಿನ ನಿಂತರೆ ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಇಳಿಯುತ್ತದೆ ಅಂತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಗಟ್ಟಿಯಾಗಿ ಹಿಡಿದ ಅಣು ಸ್ಥಿರವಾಗುತ್ತದೆ. ಸ್ಥಿರವಾದ ಅಣು ಕ್ರಿಯೆಗೆ ಇಳಿಯಲು ಜಾಸ್ತಿ ಶಕ್ತಿ ಬೇಕು. ಕಿಣ್ವ ಮಾಡುವುದು ಅಷ್ಟೇ ಆಗಿದ್ದರೆ ಅದು ವೇಗ ಹೆಚ್ಚಿಸುತ್ತಿರಲಿಲ್ಲ, ಅಡ್ಡಿಯಾಗುತ್ತಿತ್ತು. ಬೆಳಗಾವಿಯಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಪಾಠ ಮಾಡುವಾಗ ನಾನು ಈ ಪ್ರಶ್ನೆಯನ್ನೇ ಮೊದಲು ಬೋರ್ಡಿನ ಮೇಲೆ ಬರೆಯುತ್ತೇನೆ. ಇದು ಬಿಡಿಸಿಕೊಂಡರೆ ಕ್ಯಾಟಲಿಸಿಸ್, ಅಂದರೆ ವೇಗವರ್ಧನೆ, ಅನ್ನೋದು ಅರ್ಧ ಅರ್ಥವಾದ ಹಾಗೆ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ ಅಣುವಿನಲ್ಲಿದೆ. ಆ ಅಣು ನಿಮ್ಮ ಹೊಲದಲ್ಲೇ ಬೆಳೆಯುತ್ತಿದೆ, ಸುಕ್ರೋಸ್.

ಸುಕ್ರೋಸ್ ಅಂದರೆ ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್, ನಡುವೆ ಒಂದು ಆಮ್ಲಜನಕದ ಪರಮಾಣು. ನೀರು ಬಂದು ಆ ಕೊಂಡಿ ಮುರಿದರೆ ಎರಡೂ ಬೇರೆ ಬೇರೆಯಾಗುತ್ತವೆ. ಶಕ್ತಿಯ ಲೆಕ್ಕದಲ್ಲಿ ಈ ಕ್ರಿಯೆ ತಾನಾಗಿ ನಡೆಯಬೇಕು, ಇಳಿಜಾರೇ ಇದೆ. ಆದರೂ ನಡೆಯುವುದಿಲ್ಲ. ಅಮೆರಿಕದ ರಿಚರ್ಡ್ ವೂಲ್ಫೆಂಡೆನ್ ಅವರ ತಂಡ 2008ರಲ್ಲಿ ಇದರ ಅಳತೆ ಕೊಟ್ಟಿತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಯಾವ ಕಿಣ್ವವೂ ಇಲ್ಲದೆ, ಬರೀ ನೀರಿನಲ್ಲಿ ಅರ್ಧದಷ್ಟು ಸುಕ್ರೋಸ್ ಒಡೆಯಲು ಸುಮಾರು 440 ವರ್ಷ ಬೇಕು. ಅದೇ ಸಕ್ಕರೆ ಕಡಿದ ಕಬ್ಬಿನಲ್ಲಿ ದಿನಗಳ ಲೆಕ್ಕದಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾದರೆ ಕಬ್ಬಿನೊಳಗೆ ಏನೋ ಅದನ್ನು ಗುರುತಿಸಿ ಮುರಿಯುತ್ತಿದೆ. ಮುಖ್ಯವಾದ ಒಂದು ಕಿಣ್ವದ ಹೆಸರು ಇನ್ವರ್ಟೇಸ್. ಇನ್ನೊಂದು ಹೊರಗಿನಿಂದ ಬರುವ ಬ್ಯಾಕ್ಟೀರಿಯಾದ್ದು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಈ ಒಡೆಯುವಿಕೆಯನ್ನು ಕಣ್ಣಿಂದಲೇ ನೋಡಬಹುದು. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಪೋಲ್, ಅಂದರೆ ರಸದ ಸುಕ್ರೋಸ್ ಅಂದಾಜು, ನೋಡುವ ಪೋಲಾರಿಮೀಟರ್ ಇರುತ್ತದೆ ನೋಡಿ, ಅದರಲ್ಲಿ. ಸುಕ್ರೋಸ್ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಅದರ ವಿಶಿಷ್ಟ ಭ್ರಮಣ +66.5 ಡಿಗ್ರಿ. ಗ್ಲೂಕೋಸ್‌ನದು +52.7. ಫ್ರಕ್ಟೋಸ್ ಎಡಕ್ಕೆ ತಿರುಗಿಸುತ್ತದೆ, ಸುಮಾರು −92. ಒಡೆದ ಎರಡೂ ಸಮ ಸಮ ಇದ್ದಾಗ ಒಟ್ಟು ಓದು −20ರ ಹತ್ತಿರ ಬಂದು ನಿಲ್ಲುತ್ತದೆ. ಸಕ್ಕರೆ ದ್ರಾವಣಕ್ಕೆ ಸ್ವಲ್ಪ ಇನ್ವರ್ಟೇಸ್ ಹಾಕಿ ಕೊಳವೆಯನ್ನು ಉಪಕರಣದಲ್ಲಿ ಇಟ್ಟರೆ ಓದು ಮೆಲ್ಲಗೆ ಇಳಿಯುತ್ತಾ, ಸೊನ್ನೆ ದಾಟಿ ಎಡಕ್ಕೆ ಹೋಗುತ್ತದೆ. ರಸಾಯನ ಕ್ರಿಯೆಯ ವೇಗವನ್ನು ಲೆಕ್ಕ ಹಾಕುವ ಶಾಸ್ತ್ರ ಶುರುವಾದದ್ದೇ ಈ ಸಕ್ಕರೆಯಿಂದ. ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ 1850ರಲ್ಲಿ ಆಮ್ಲ ಹಾಕಿದ ಸಕ್ಕರೆ ದ್ರಾವಣದ ಭ್ರಮಣ ಹೇಗೆ ಇಳಿಯುತ್ತದೆ ಎಂದು ಅಳೆದು, ವೇಗಕ್ಕೆ ಮೊದಲ ಸಮೀಕರಣ ಬರೆದರು.

ಆಮ್ಲವೂ ಸುಕ್ರೋಸ್ ಒಡೆಯುತ್ತದೆ, ಇನ್ವರ್ಟೇಸೂ ಒಡೆಯುತ್ತದೆ. ವ್ಯತ್ಯಾಸ ಎಲ್ಲಿದೆ? ಆಮ್ಲದ ಪ್ರೋಟಾನ್‌ಗೆ, ಅಂದರೆ ಹೈಡ್ರೋಜನ್ ಅಯಾನಿಗೆ, ಯಾವ ಗುರುತೂ ಇಲ್ಲ. ಸುಕ್ರೋಸ್ ಸಿಕ್ಕರೂ ಸರಿ, ಎರಡು ಗ್ಲೂಕೋಸ್ ಸೇರಿದ ಮಾಲ್ಟೋಸ್ ಸಿಕ್ಕರೂ ಸರಿ, ಪಿಷ್ಟ ಸಿಕ್ಕರೂ ಸರಿ. ಯಾವುದು ಸುಲಭವೋ ಅದನ್ನು ಮೊದಲು ಮುರಿಯುತ್ತದೆ, ಉಳಿದದ್ದನ್ನು ನಿಧಾನಕ್ಕೆ. ಇನ್ವರ್ಟೇಸ್ ಹಾಗಲ್ಲ. ಅದಕ್ಕೆ ತುದಿಯಲ್ಲಿ ಫ್ರಕ್ಟೋಸ್ ಬೇಕು, ಅದೂ ಬೀಟಾ ಅನ್ನುವ ದಿಕ್ಕಿನ ಜೋಡಣೆಯಲ್ಲಿ ಇರಬೇಕು. ಮಾಲ್ಟೋಸ್ ಕೊಟ್ಟರೆ ಮುಟ್ಟುವುದಿಲ್ಲ.

ಈ ಗುರುತಿಸುವಿಕೆಯನ್ನು ಮೊದಲು ಸ್ಪಷ್ಟವಾಗಿ ಹಿಡಿದವರು ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್. ಅವರು ಗ್ಲೂಕೋಸ್‌ಗೆ ಮೀಥೈಲ್ ಗುಂಪು ಜೋಡಿಸಿ ಎರಡು ಅಣು ಮಾಡಿದರು. ಎರಡರಲ್ಲೂ ಅದೇ ಪರಮಾಣುಗಳು, ಅದೇ ಜೋಡಣೆ. ಒಂದೇ ಒಂದು ಕೊಂಡಿಯ ದಿಕ್ಕು ಮಾತ್ರ ಬೇರೆ, ಒಂದು ಆಲ್ಫಾ, ಇನ್ನೊಂದು ಬೀಟಾ. ಯೀಸ್ಟ್‌ನಿಂದ ತೆಗೆದ ಕಿಣ್ವ ಆಲ್ಫಾವನ್ನು ಮಾತ್ರ ಒಡೆಯಿತು. ಬಾದಾಮಿಯಿಂದ ತೆಗೆದ ಎಮಲ್ಸಿನ್ ಬೀಟಾವನ್ನು ಮಾತ್ರ ಒಡೆಯಿತು. 1894ರಲ್ಲಿ ಫಿಷರ್ ಇದಕ್ಕೆ ಬೀಗ ಮತ್ತು ಕೀಲಿಕೈಯ ಹೋಲಿಕೆ ಕೊಟ್ಟರು. ಇವತ್ತಿಗೂ ಎಲ್ಲ ಪುಸ್ತಕದಲ್ಲಿ ಅದೇ ಚಿತ್ರ ಇದೆ.

ಆ ಹೋಲಿಕೆ ಆಯ್ಕೆಯನ್ನು ಚೆನ್ನಾಗಿ ವಿವರಿಸುತ್ತದೆ. ವೇಗವನ್ನು ವಿವರಿಸುವುದಿಲ್ಲ. ನಿಮ್ಮ ತೊಂದರೆ ಹುಟ್ಟಿದ್ದು ಇಲ್ಲೇ. ಕೀಲಿಕೈ ಬೀಗದೊಳಗೆ ಸರಿಯಾಗಿ ಕೂತುಬಿಟ್ಟರೆ ಅದು ಅಲ್ಲೇ ಆರಾಮಾಗಿ ಕೂತಿರುತ್ತದೆ, ಮುರಿಯುವುದಿಲ್ಲ. ಸುಕ್ರೋಸ್‌ಗೆ ಅಚ್ಚು ಹೊಯ್ದಂತೆ ಹೊಂದುವ ಗೂಡೊಂದನ್ನು ಯಾರಾದರೂ ಮಾಡಿದರೆ, ಅದರೊಳಗೆ ಸುಕ್ರೋಸ್ ಹೊರಗಿನದಕ್ಕಿಂತ ಸುರಕ್ಷಿತವಾಗಿ ಇರುತ್ತದೆ.

ಉತ್ತರ ಕೊಟ್ಟವರು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್, 1940ರ ದಶಕದಲ್ಲಿ. ಅವರು ಹೇಳಿದ್ದು ಇಷ್ಟು: ಕಿಣ್ವದ ಗೂಡು ಹೊಂದುವುದು ಮೂಲ ಅಣುವಿಗೆ ಅಲ್ಲ, ಅಣು ಮುರಿಯುವ ನಡುವಿನ ಘಳಿಗೆಯ ಆಕಾರಕ್ಕೆ. ಹಳೆ ಕೊಂಡಿ ಅರ್ಧ ಬಿಟ್ಟಿದೆ, ಹೊಸದು ಅರ್ಧ ಕೂಡಿದೆ, ಶಕ್ತಿ ಅತಿ ಹೆಚ್ಚಿದೆ. ಅದನ್ನು ಸಂಕ್ರಮಣ ಸ್ಥಿತಿ ಅನ್ನುತ್ತೇವೆ. ಕಿಣ್ವ ಸುಕ್ರೋಸನ್ನು ಸುಮಾರಾಗಿ ಹಿಡಿಯುತ್ತದೆ, ಸಂಕ್ರಮಣ ಸ್ಥಿತಿಯನ್ನು ತುಂಬಾ ಗಟ್ಟಿಯಾಗಿ ಹಿಡಿಯುತ್ತದೆ. ಈ ಎರಡು ಹಿಡಿತಗಳ ನಡುವಿನ ಅಂತರವೇ ವೇಗ. ಎರಡನ್ನೂ ಒಂದೇ ಅಳತೆಯಲ್ಲಿ ಗಟ್ಟಿ ಹಿಡಿದರೆ ಅಣು ಏರಬೇಕಾದ ಶಕ್ತಿಯ ಎತ್ತರ ಹಾಗೇ ಉಳಿಯುತ್ತದೆ, ಏನೂ ಗಿಟ್ಟುವುದಿಲ್ಲ. ಸುಕ್ರೋಸನ್ನೇ ಜಾಸ್ತಿ ಗಟ್ಟಿ ಹಿಡಿದರೆ ಎತ್ತರ ಇನ್ನೂ ಏರುತ್ತದೆ. ನೀವು ಕೇಳಿದ್ದು ಆ ಕೊನೆಯ ಸಂದರ್ಭದ ಬಗ್ಗೆ, ಅದರಲ್ಲಿ ನಿಮ್ಮ ತರ್ಕ ನೂರಕ್ಕೆ ನೂರು ಸರಿ.

ಅಂತರ ಎಷ್ಟಿದ್ದರೆ ಎಷ್ಟು ವೇಗ? 25 ಡಿಗ್ರಿಯಲ್ಲಿ ಸಂಕ್ರಮಣ ಸ್ಥಿತಿಯನ್ನು ಮೋಲ್‌ಗೆ 5.7 ಕಿಲೋಜೂಲ್ ಜಾಸ್ತಿ ಗಟ್ಟಿ ಹಿಡಿದರೆ ವೇಗ ಹತ್ತು ಪಟ್ಟು ಏರುತ್ತದೆ. ಒಂದು ಸಾಧಾರಣ ಹೈಡ್ರೋಜನ್ ಬಂಧದ ಕೊಡುಗೆ ಇಷ್ಟರ ಆಸುಪಾಸಿನಲ್ಲೇ ಇರುತ್ತದೆ. ಅಂಥ ಆರು ಹಿಡಿತ ಕೂಡಿಸಿದರೆ ಹತ್ತು ಲಕ್ಷ ಪಟ್ಟು. ಒಂದೊಂದೂ ಸಣ್ಣದು, ಆದರೆ ಅವು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. 440 ವರ್ಷದ ಕೆಲಸವನ್ನು ಒಂದು ಇನ್ವರ್ಟೇಸ್ ಅಣು ಸೆಕೆಂಡಿಗೆ ನೂರಾರು ಸಲ ಮಾಡುವುದು ಹೀಗೆ.

ಈಗ ಆ ಗೂಡಿನೊಳಗೆ ಹತ್ತಿರದಿಂದ ನೋಡೋಣ. ಇನ್ವರ್ಟೇಸ್‌ನ ಈ ಭಾಗ ಐದು ಎಸಳಿನ ಪ್ರೊಪೆಲರ್ ತರಹ ಇದೆ. ನಡುವೆ ಒಂದು ಕೊಳವೆಯಂಥ ಗುಳಿ. ಸುಕ್ರೋಸ್‌ನ ಫ್ರಕ್ಟೋಸ್ ಭಾಗ ಗುಳಿಯ ತಳಕ್ಕೆ ಇಳಿಯುತ್ತದೆ, ಗ್ಲೂಕೋಸ್ ಭಾಗ ಬಾಯಿಯ ಕಡೆ ಉಳಿಯುತ್ತದೆ. ತಳದಲ್ಲಿ ಮೂರು ಆಮ್ಲದ ಗುಂಪುಗಳು ಕಾದಿವೆ. ಒಂದು ಗ್ಲುಟಮಿಕ್ ಆಮ್ಲದ್ದು. ಅದು ಎರಡು ಸಕ್ಕರೆಗಳ ನಡುವಿನ ಆಮ್ಲಜನಕಕ್ಕೆ ತನ್ನ ಪ್ರೋಟಾನ್ ಕೊಡುತ್ತದೆ. ಎದುರು ಬದಿಯಲ್ಲಿ ಆಸ್ಪಾರ್ಟಿಕ್ ಆಮ್ಲದ ಋಣಾವೇಶದ ಗುಂಪು, ಅದು ಫ್ರಕ್ಟೋಸ್‌ನ ಎರಡನೇ ಇಂಗಾಲದ ಮೇಲೆ ದಾಳಿ ಮಾಡುತ್ತದೆ. ಕೊಂಡಿ ಬಿಡುವ ಹೊತ್ತಿಗೆ ಆ ಇಂಗಾಲದ ಸುತ್ತಲಿನ ಆಕಾರ ಚಪ್ಪಟೆಯಾಗುತ್ತದೆ, ಅದರ ಮೇಲೆ ಧನಾವೇಶ ಬೆಳೆಯುತ್ತದೆ. ಸಹಜ ಸುಕ್ರೋಸ್‌ನಲ್ಲಿ ಆ ಚಪ್ಪಟೆ ಆಕಾರವೂ ಇಲ್ಲ, ಆ ಆವೇಶವೂ ಇಲ್ಲ. ಗುಳಿಯ ಋಣಾವೇಶದ ಗೋಡೆ ಕಾದಿರುವುದು ಆ ಧನಾವೇಶಕ್ಕೇ. ಮೂರನೆಯದು ಇನ್ನೊಂದು ಆಸ್ಪಾರ್ಟಿಕ್ ಆಮ್ಲ. ಅದು ಫ್ರಕ್ಟೋಸ್‌ನ ಮೂರು ಮತ್ತು ನಾಲ್ಕನೇ ಇಂಗಾಲದ ಹೈಡ್ರಾಕ್ಸಿಲ್‌ಗಳನ್ನು ಹಿಡಿದು, ಉಂಗುರ ಸರಿಯಾದ ಭಂಗಿಯಲ್ಲಿ ನಿಲ್ಲುವಂತೆ ಮಾಡುತ್ತದೆ. ಗ್ಲೂಕೋಸ್ ಹೊರಗೆ ಹೋಗುತ್ತದೆ. ಫ್ರಕ್ಟೋಸ್ ಸ್ವಲ್ಪ ಹೊತ್ತು ಕಿಣ್ವಕ್ಕೇ ಅಂಟಿಕೊಂಡಿರುತ್ತದೆ. ಆಮೇಲೆ ನೀರಿನ ಅಣು ಬಂದು ಅದನ್ನು ಬಿಡಿಸುತ್ತದೆ.

ನೀರು ಯಾವ ಬದಿಯ ಕೊಂಡಿ ಮುರಿಯುತ್ತದೆ ಅನ್ನುವುದನ್ನು 1954ರಲ್ಲಿ ಡ್ಯಾನಿಯಲ್ ಕೋಶ್‌ಲ್ಯಾಂಡ್ ಮತ್ತು ಸ್ಟೈನ್ ಭಾರವಾದ ಆಮ್ಲಜನಕ ಇರುವ ನೀರು ಬಳಸಿ ತೋರಿಸಿದರು. ಇನ್ವರ್ಟೇಸ್ ಮುರಿಯುವುದು ಫ್ರಕ್ಟೋಸ್ ಬದಿಯ ಕೊಂಡಿಯನ್ನು. ನಮ್ಮ ಸಣ್ಣ ಕರುಳಿನಲ್ಲೂ ಸುಕ್ರೋಸ್ ಒಡೆಯುವ ಕಿಣ್ವ ಇದೆ, ಸುಕ್ರೇಸ್. ಅದು ಗುರುತಿಸುವುದು ಗ್ಲೂಕೋಸ್ ತುದಿಯನ್ನು, ಮುರಿಯುವುದು ಗ್ಲೂಕೋಸ್ ಬದಿಯ ಕೊಂಡಿಯನ್ನು. ಅಣು ಒಂದೇ, ಸಿಗುವ ಪದಾರ್ಥವೂ ಒಂದೇ. ಆದರೆ ಯಾವ ತುದಿಯನ್ನು ಹಿಡಿಯುತ್ತದೋ ಅದರ ಮೇಲೆ ಮುರಿಯುವ ಜಾಗ ಬದಲಾಗುತ್ತದೆ. ಇದರ ಪರಿಣಾಮ ರಾಫಿನೋಸ್‌ನಲ್ಲಿ ಕಾಣುತ್ತದೆ. ಅದು ಸುಕ್ರೋಸ್‌ನ ಗ್ಲೂಕೋಸ್‌ಗೆ ಇನ್ನೊಂದು ಗ್ಯಾಲಕ್ಟೋಸ್ ಸೇರಿದ ಸಕ್ಕರೆ, ಬೇಳೆ ಕಾಳುಗಳಲ್ಲಿ ಇರುತ್ತದೆ. ಫ್ರಕ್ಟೋಸ್ ತುದಿ ಖಾಲಿ ಇರುವುದರಿಂದ ಇನ್ವರ್ಟೇಸ್ ಅದನ್ನು ಒಡೆಯುತ್ತದೆ. ಗ್ಲೂಕೋಸ್ ತುದಿ ಮುಚ್ಚಿ ಹೋಗಿರುವುದರಿಂದ ನಮ್ಮ ಸುಕ್ರೇಸ್‌ಗೆ ಅದು ಸಿಗುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಹೋಗಿ ಬ್ಯಾಕ್ಟೀರಿಯಾ ಪಾಲಾಗುತ್ತದೆ. ಕಾಳು ತಿಂದ ಮೇಲೆ ಹೊಟ್ಟೆ ಉಬ್ಬುವುದಕ್ಕೆ ಇದೂ ಒಂದು ಕಾರಣ.

ಸುಮಾರಾಗಿ ಹಿಡಿಯುತ್ತದೆ ಅಂದೆನಲ್ಲ, ಅದಕ್ಕೆ ಅಂಕಿ ಕೊಡುತ್ತೇನೆ. 1913ರಲ್ಲಿ ಬರ್ಲಿನ್‌ನಲ್ಲಿ ಲಿಯೋನರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ತಮ್ಮ ಹೆಸರಾಂತ ಸಮೀಕರಣ ಬರೆದದ್ದು ಯೀಸ್ಟ್‌ನ ಇನ್ವರ್ಟೇಸ್ ಮೇಲೆಯೇ. ನೀವು ಪರೀಕ್ಷೆಗೆ ಬಾಯಿಪಾಠ ಮಾಡುವ ಆ ಸಮೀಕರಣ ಕಬ್ಬಿನ ಸಕ್ಕರೆಯಿಂದ ಹುಟ್ಟಿದ್ದು. ಕಿಣ್ವ ಮತ್ತು ಸುಕ್ರೋಸ್ ಸೇರಿದ ಜೋಡಿ ಬಿಡಿಯಾಗುವ ಸ್ಥಿರಾಂಕ ಅವರಿಗೆ ಲೀಟರಿಗೆ 0.0167 ಮೋಲ್ ಎಂದು ಸಿಕ್ಕಿತು. ಈ ಅಂಕಿ ದೊಡ್ಡದಿದ್ದಷ್ಟೂ ಹಿಡಿತ ಸಡಿಲ, ಇದು ಸಡಿಲ ಹಿಡಿತವೇ. ಈಗ ಕಬ್ಬಿನ ರಸ ನೋಡಿ. ಲೀಟರಿಗೆ 170 ಗ್ರಾಂ ಸುಕ್ರೋಸ್ ಇದ್ದರೆ ಅದು ಸುಮಾರು 0.5 ಮೋಲ್, ಅಂದರೆ 30 ಪಟ್ಟು ಜಾಸ್ತಿ. ಅಷ್ಟು ಸಕ್ಕರೆಯಲ್ಲಿ ಕಿಣ್ವದ ಗೂಡು ಖಾಲಿ ಇರುವುದೇ ಇಲ್ಲ. ಸುಕ್ರೋಸನ್ನು ಇನ್ನೂ ಗಟ್ಟಿ ಹಿಡಿದು ಆ ಕಿಣ್ವಕ್ಕೆ ಆಗಬೇಕಾದ್ದು ಏನೂ ಇಲ್ಲ. ಹಿಡಿಯಲು ಖರ್ಚಾಗುವ ಬಲವನ್ನು ಸಂಕ್ರಮಣ ಸ್ಥಿತಿಗೆ ಉಳಿಸಿಕೊಂಡರೆ ಲಾಭ. ಪಾಠದಲ್ಲಿ ಕೆಎಂ, ಅಂದರೆ ಆ ಸಮೀಕರಣದ ಇಂಥ ಸ್ಥಿರಾಂಕ, ಕಡಿಮೆ ಇದ್ದರೆ ಒಳ್ಳೆಯ ಕಿಣ್ವ ಎಂದು ಸುಮ್ನೆ ಬರೆದುಕೊಳ್ಳುತ್ತೇವೆ. ಅದು ಯಾವಾಗಲೂ ನಿಜವಲ್ಲ.

ಪೌಲಿಂಗ್ ಮಾತಿಗೆ ನೇರ ಸಾಕ್ಷಿ ಬಂದದ್ದು 1986ರಲ್ಲಿ. ರಿಚರ್ಡ್ ಲರ್ನರ್ ಮತ್ತು ಪೀಟರ್ ಶುಲ್ಟ್ಸ್ ಅವರ ಎರಡು ಬೇರೆ ಬೇರೆ ತಂಡಗಳು ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ವೇಗವರ್ಧಕ ಮಾಡಿದವು. ಆಂಟಿಬಾಡಿಯ ಸಹಜ ಕೆಲಸ ಗುರುತಿಸಿ ಹಿಡಿಯುವುದು, ಅಷ್ಟೇ. ಅದು ಏನನ್ನೂ ಒಡೆಯುವುದಿಲ್ಲ. ಈ ತಂಡಗಳು ಎಸ್ಟರ್‌ನಂಥ ಕೊಂಡಿ ಒಡೆಯುವ ಕ್ರಿಯೆಯ ಸಂಕ್ರಮಣ ಸ್ಥಿತಿಯನ್ನು ಹೋಲುವ, ಆದರೆ ಮುರಿಯದೆ ನಿಲ್ಲುವ ರಂಜಕದ ಸಂಯುಕ್ತಗಳನ್ನು ಆರಿಸಿಕೊಂಡವು. ಅವುಗಳನ್ನು ಗಟ್ಟಿ ಹಿಡಿಯುವ ಆಂಟಿಬಾಡಿಗಳಿಗೆ ನಿಜವಾದ ಅಣುವನ್ನು ಕೊಟ್ಟರು. ಕ್ರಿಯೆ ವೇಗವಾಯಿತು. ಆದರೂ ಅವು ಸಹಜ ಕಿಣ್ವಗಳ ವೇಗಕ್ಕೆ ಬಹಳ ಹಿಂದೆ ಉಳಿದವು. ಆಕಾರ ಹೊಂದಿದರೆ ಸಾಲದು, ಇನ್ವರ್ಟೇಸ್‌ನಲ್ಲಿ ನೋಡಿದ ಹಾಗೆ ಪ್ರೋಟಾನ್ ಕೊಡುವವರು, ತೆಗೆದುಕೊಳ್ಳುವವರು ಸರಿಯಾದ ಜಾಗದಲ್ಲಿ ನಿಂತಿರಬೇಕು.

ಇದೇ ಸತ್ಯವನ್ನು ಔಷಧದಲ್ಲಿ ತಿರುಗಿಸಿ ಬಳಸುತ್ತಾರೆ. ಮಧುಮೇಹಕ್ಕೆ ಕೊಡುವ ಅಕಾರ್ಬೋಸ್ ಮಾತ್ರೆ ಕೇಳಿರಬಹುದು. ಅದರ ಒಂದು ತುದಿಯ ಉಂಗುರ ಸಹಜ ಸಕ್ಕರೆಯಂತಿಲ್ಲ, ಸಂಕ್ರಮಣ ಸ್ಥಿತಿಯಂತೆ ಒಂದು ಕಡೆ ಚಪ್ಪಟೆಯಾಗಿದೆ. ಮುರಿಯಬೇಕಾದ ಕೊಂಡಿಯಲ್ಲಿ ಆಮ್ಲಜನಕದ ಬದಲು ಸಾರಜನಕ ಇದೆ. ಕರುಳಿನ ಸುಕ್ರೇಸ್ ಅದನ್ನು ಸುಕ್ರೋಸ್‌ಗಿಂತ ಸಾವಿರಾರು ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ. ಮುರಿಯಲು ಬರುವುದಿಲ್ಲ, ಬಿಡಲೂ ಮನಸ್ಸಿಲ್ಲ. ಊಟದ ಸಕ್ಕರೆ ಅಷ್ಟು ಹೊತ್ತು ನಿಧಾನಕ್ಕೆ ಒಡೆಯುತ್ತದೆ. ನೀವು ಹೇಳಿದ ಗಟ್ಟಿ ಹಿಡಿತದ ಅಡ್ಡಿ ಇಲ್ಲಿ ಔಷಧವಾಗಿದೆ.

ಗುರುತಿಸುವುದರ ಇನ್ನೊಂದು ಕೆಲಸವನ್ನೂ ಹೇಳಬೇಕು, ಅದು ಬೇಡದ ಕ್ರಿಯೆಯನ್ನು ತಡೆಯುವುದು. ಹೆಕ್ಸೋಕೈನೇಸ್ ಕಿಣ್ವ ಎಟಿಪಿ ಅನ್ನುವ, ಜೀವಕೋಶಕ್ಕೆ ಶಕ್ತಿ ಕೊಡುವ ಅಣುವಿನಿಂದ ಫಾಸ್ಫೇಟ್ ತೆಗೆದು ಗ್ಲೂಕೋಸ್‌ಗೆ ಕೊಡುತ್ತದೆ. ಸುತ್ತ ನೀರು ತುಂಬಿದೆ. ನೀರಿಗೂ ಒಂದು ಹೈಡ್ರಾಕ್ಸಿಲ್ ಇದೆ, ಗ್ಲೂಕೋಸ್‌ಗೂ ಇದೆ. ಫಾಸ್ಫೇಟ್ ನೀರಿಗೆ ಯಾಕೆ ಹೋಗುವುದಿಲ್ಲ? ಗ್ಲೂಕೋಸ್ ಬಂದು ಕೂತಾಗ ಕಿಣ್ವದ ಎರಡು ಭಾಗಗಳು ಒಂದರ ಕಡೆ ಒಂದು ಮುಚ್ಚಿಕೊಳ್ಳುತ್ತವೆ, ಕೆಲಸದ ಗುಂಪುಗಳು ಆಗಲೇ ಸಾಲಾಗಿ ನಿಲ್ಲುತ್ತವೆ. ನೀರು ಬಂದರೆ ಮುಚ್ಚಿಕೊಳ್ಳುವುದಿಲ್ಲ. ಕೋಶ್‌ಲ್ಯಾಂಡ್ 1958ರಲ್ಲಿ ಹೇಳಿದ ಪ್ರೇರಿತ ಹೊಂದಿಕೆ ಇದೇ. ಇಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. ಗ್ಲೂಕೋಸ್ ಬದಲು ಕ್ಸೈಲೋಸ್ ಕೊಡುತ್ತಾರೆ. ಅದು ಗ್ಲೂಕೋಸ್ ತರಹವೇ ಇದೆ, ಫಾಸ್ಫೇಟ್ ಪಡೆಯುವ ಕೊನೆಯ ಇಂಗಾಲ ಮಾತ್ರ ಇಲ್ಲ. ಕಿಣ್ವ ಅದನ್ನು ಗುರುತಿಸಿ ಮುಚ್ಚಿಕೊಳ್ಳುತ್ತದೆ. ಖಾಲಿ ಉಳಿದ ಆ ಸಣ್ಣ ಜಾಗಕ್ಕೆ ನೀರು ಬಂದು ಕೂರುತ್ತದೆ. ಈಗ ಎಟಿಪಿ ನೀರಿನಿಂದಲೇ ಒಡೆಯತೊಡಗುತ್ತದೆ, ಮೊದಲಿಗಿಂತ ಎಷ್ಟೋ ಪಟ್ಟು ವೇಗವಾಗಿ. ಕ್ರಿಯೆಯಲ್ಲಿ ಭಾಗವಹಿಸದ ಅಣುವೊಂದು ಸುಮ್ನೆ ಕೂತು ವೇಗ ಬದಲಿಸಿತು.

ಪ್ರಯೋಗಾಲಯದಲ್ಲಿ ಕೈಯಿಂದ ಮಾಡಿದ ಅಣುಗಳಲ್ಲೂ ಇದೇ ಕಥೆ. ಚಾರ್ಲ್ಸ್ ಪೆಡರ್ಸನ್ 1967ರಲ್ಲಿ ಪ್ರಕಟಿಸಿದ ಕ್ರೌನ್ ಈಥರ್ ಉಂಗುರಗಳು ಪೊಟ್ಯಾಸಿಯಂ ಅಯಾನನ್ನು ಅಳತೆಗೆ ಸರಿಯಾಗಿ ಹಿಡಿಯುತ್ತವೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಬೆಂಜೀನ್‌ನಲ್ಲಿ ಕರಗುವುದಿಲ್ಲ. ಕ್ರೌನ್ ಈಥರ್ ಹಾಕಿದರೆ ಬೆಂಜೀನ್ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಉಂಗುರ ಹಿಡಿದದ್ದು ಪೊಟ್ಯಾಸಿಯಂ ಅನ್ನು, ಚುರುಕಾದದ್ದು ಜೊತೆಗಿದ್ದ ಪರ್ಮಾಂಗನೇಟ್. ಅದನ್ನು ಸುತ್ತುವರಿಯಲು ನೀರಿಲ್ಲ, ಅದಕ್ಕೆ ಅಂಟಿಕೊಳ್ಳಲು ಪೊಟ್ಯಾಸಿಯಂಗೆ ಬಿಡುವಿಲ್ಲ. ಪೆಡರ್ಸನ್, ಡೊನಾಲ್ಡ್ ಕ್ರ್ಯಾಮ್ ಮತ್ತು ಜೀನ್ ಮೇರಿ ಲೇನ್ ಅವರಿಗೆ 1987ರ ನೊಬೆಲ್ ಬಂದದ್ದು ಇಂಥ ಕೆಲಸಕ್ಕೆ. ಅದೇ ಕ್ರ್ಯಾಮ್ 1991ರಲ್ಲಿ ಉಲ್ಟಾ ಕೆಲಸ ಮಾಡಿ ತೋರಿಸಿದರು. ಸೈಕ್ಲೋಬ್ಯೂಟಾಡೈಯೀನ್ ಅನ್ನುವ ಅಣು ತನ್ನದೇ ಇನ್ನೊಂದು ಅಣು ಸಿಕ್ಕ ತಕ್ಷಣ ಕೂಡಿಕೊಂಡು ಬಿಡುತ್ತದೆ. ಅದನ್ನು ಗೂಡಿನಂಥ ದೊಡ್ಡ ಅಣುವಿನೊಳಗೆ ಹುಟ್ಟಿಸಿದರು. ಒಳಗೆ ಒಂಟಿಯಾಗಿ, ಕೋಣೆಯ ಉಷ್ಣತೆಯಲ್ಲೂ ಅದು ಉಳಿದುಕೊಂಡಿತು.

ಕ್ಯಾಲಿಫೋರ್ನಿಯಾದ ಕೆನೆತ್ ರೇಮಂಡ್ ಮತ್ತು ರಾಬರ್ಟ್ ಬರ್ಗ್‌ಮನ್ ಅವರ ತಂಡ ಗ್ಯಾಲಿಯಂ ಲೋಹದ ನಾಲ್ಕು ಮೂಲೆಗಳ ಗೂಡು ಮಾಡಿತು. ಆ ಗೂಡಿನ ಮೇಲೆ ಹನ್ನೆರಡು ಋಣಾವೇಶ. ಆಮ್ಲದಲ್ಲಿ ಮಾತ್ರ ಒಡೆಯುವ ಆರ್ಥೋಫಾರ್ಮೇಟ್ ಎಂಬ ಸಂಯುಕ್ತವನ್ನು 2007ರಲ್ಲಿ ಅವರು ಈ ಗೂಡಿನೊಳಗೆ, ಕ್ಷಾರದ ದ್ರಾವಣದಲ್ಲಿ ಒಡೆದು ತೋರಿಸಿದರು. ಗೂಡು ಧನಾವೇಶ ಹೊತ್ತ ರೂಪವನ್ನೇ ಗುರುತಿಸಿ ಹಿಡಿಯುವುದರಿಂದ, ಹೊರಗೆ ಪ್ರೋಟಾನ್ ಬರ ಇದ್ದರೂ ಒಳಗಿನ ಅಣು ಪ್ರೋಟಾನ್ ಎಳೆದುಕೊಳ್ಳುತ್ತದೆ. ಇನ್ವರ್ಟೇಸ್‌ನ ಗುಳಿಯಲ್ಲಿ ಋಣಾವೇಶದ ಗೋಡೆ ಏನು ಮಾಡುತ್ತಿತ್ತೋ ಅದೇ ಇಲ್ಲೂ ನಡೆಯಿತು.

ಇಂಥ ಗೂಡುಗಳ ಕೆಲಸದಲ್ಲಿ ಬಹಳ ಜನರಿಗೆ ಎದುರಾದ ತೊಡಕು ನಿಮ್ಮ ಪ್ರಶ್ನೆಯದೇ ಇನ್ನೊಂದು ಮುಖ. ಎರಡು ಅಣು ಸೇರಿ ಒಂದಾಗುವ ಕ್ರಿಯೆಯಲ್ಲಿ ಗೂಡು ಎರಡನ್ನೂ ಒಳಗೆ ಕರೆದು ಬೇಗ ಕೂಡಿಸುತ್ತದೆ. ಆದರೆ ಕೂಡಿದ ಅಣು ಗೂಡಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ, ಹೊರಗೆ ಬರುವುದಿಲ್ಲ. ಒಂದು ಸುತ್ತು ಮುಗಿದು ಕೆಲಸ ನಿಂತುಬಿಡುತ್ತದೆ. ಜಪಾನಿನ ಮಕೋಟೊ ಫುಜಿತಾ 2006ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿದರು. ಬೋಗುಣಿಯಂಥ ಗೂಡಿನಲ್ಲಿ ಆಂತ್ರಸೀನ್ ಅನ್ನುವ ಚಪ್ಪಟೆ ಅಣು ಚೆನ್ನಾಗಿ ಹೊಂದಿ ಕೂರುತ್ತದೆ. ಕ್ರಿಯೆ ನಡೆದ ಮೇಲೆ ಅದು ಮಣಿದು ಚಪ್ಪಟೆತನ ಕಳೆದುಕೊಳ್ಳುತ್ತದೆ, ಹೊಂದಿಕೆ ತಪ್ಪಿ ತಾನಾಗಿ ಹೊರಬೀಳುತ್ತದೆ. ಒಳ್ಳೆಯ ವೇಗವರ್ಧಕ ಬಂದ ಅಣುವನ್ನೂ ಹೋಗುವ ಅಣುವನ್ನೂ ಸಡಿಲವಾಗಿಯೇ ಹಿಡಿಯಬೇಕು.

ಈಗ ನಿಮ್ಮ ಹೊಲಕ್ಕೆ ಬರೋಣ. ನಿಂತ ಕಬ್ಬಿನಲ್ಲೂ ಇನ್ವರ್ಟೇಸ್ ಇದೆ. ಬೆಳೆಯುವ ಎಳೆ ಗಿಣ್ಣುಗಳಿಗೆ ಅದು ಬೇಕೇ ಬೇಕು, ಸುಕ್ರೋಸ್ ಒಡೆದರೆ ತಾನೇ ಬೆಳವಣಿಗೆಗೆ ಶಕ್ತಿ. ಕಬ್ಬು ಪಕ್ವವಾದಂತೆ ಮಾಗಿದ ಗಿಣ್ಣುಗಳಲ್ಲಿ ಆಮ್ಲೀಯ ಇನ್ವರ್ಟೇಸ್ ಕಡಿಮೆಯಾಗುತ್ತದೆ, ಸುಕ್ರೋಸ್ ತುಂಬಿಕೊಳ್ಳುತ್ತದೆ. ವಿಜಯಪುರದ ದ್ರಾಕ್ಷಿಯಲ್ಲಿ ಇದರ ಉಲ್ಟಾ. ಅಲ್ಲಿ ಹಣ್ಣಿನ ಇನ್ವರ್ಟೇಸ್ ಚುರುಕಾಗಿರುವುದರಿಂದ ಬಂದ ಸುಕ್ರೋಸ್ ಎಲ್ಲ ಒಡೆದು, ಮಾಗಿದ ಹಣ್ಣಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸುಮಾರು ಸಮ ಸಮ ಇರುತ್ತವೆ. ಒಣದ್ರಾಕ್ಷಿಯ ಸಿಹಿ ಅದೇ. ಕಬ್ಬು ಕಡಿದ ಮೇಲೆ ಲೆಕ್ಕ ಬದಲಾಗುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಜೀವಕೋಶದ ಗೋಡೆಗಳು ಹದ ಕಳೆದುಕೊಳ್ಳುತ್ತವೆ, ಇನ್ವರ್ಟೇಸ್ ಮತ್ತೆ ಏರುತ್ತದೆ. ಕೃಷ್ಣಾ, ಘಟಪ್ರಭಾ ತೀರದ ಕಾರ್ಖಾನೆಗಳ ಮುಂದೆ ಹಂಗಾಮಿನಲ್ಲಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್‌ಗಳಲ್ಲಿ ಈ ಕೆಲಸ ಹಗಲು ರಾತ್ರಿ ನಡೆದೇ ಇರುತ್ತದೆ. ಬೆಳೆದವರ ಶ್ರಮ ಹೀಗೆ ಸಾಲಿನಲ್ಲಿ ನಿಂತು ಸೋರಿ ಹೋಗುವುದು ನನಗೆ ಪ್ರತಿ ವರ್ಷ ನೋವು ಕೊಡುವ ಸಂಗತಿ. ಕಡಿದ 24 ತಾಸಿನೊಳಗೆ ಅರೆಯಬೇಕು ಅನ್ನುವುದರ ಹಿಂದೆ ಇರುವ ರಸಾಯನ ಇದು.

ಮುಂಚೆ ಬ್ಯಾಕ್ಟೀರಿಯಾ ಅಂದೆನಲ್ಲ. ಕಡಿದ ತುದಿಯಿಂದ ಲ್ಯುಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಅದರ ಕಿಣ್ವ ಡೆಕ್ಸ್‌ಟ್ರಾನ್‌ಸುಕ್ರೇಸ್. ಇದೂ ಸುಕ್ರೋಸನ್ನೇ ಗುರುತಿಸುತ್ತದೆ, ಇದೂ ಅದನ್ನು ಎರಡು ಮಾಡುತ್ತದೆ. ಆದರೆ ಹಿಡಿದುಕೊಳ್ಳುವುದು ಗ್ಲೂಕೋಸನ್ನು, ಬಿಡುವುದು ಫ್ರಕ್ಟೋಸನ್ನು. ಹಿಡಿದ ಗ್ಲೂಕೋಸನ್ನು ನೀರಿಗೆ ಕೊಡದೆ, ಬೆಳೆಯುತ್ತಿರುವ ಗ್ಲೂಕೋಸ್ ಸರಪಳಿಯ ತುದಿಗೆ ಜೋಡಿಸುತ್ತದೆ. ಗುಳಿಯ ಪಕ್ಕದಲ್ಲಿ ಆ ಸರಪಳಿಯನ್ನು ಗುರುತಿಸುವ ಜಾಗ ಇರುವುದೇ ಕಾರಣ. ಒಂದೇ ಸುಕ್ರೋಸ್ ಇನ್ವರ್ಟೇಸ್ ಕೈಯಲ್ಲಿ ಎರಡು ಸಣ್ಣ ಸಕ್ಕರೆ ಆಯಿತು, ಇದರ ಕೈಯಲ್ಲಿ ಡೆಕ್ಸ್‌ಟ್ರಾನ್ ಅನ್ನುವ ಲೋಳೆಯಾಯಿತು. ರಸ ಎಳೆ ಎಳೆಯಾಗಿ ಮಂದವಾಗುತ್ತದೆ, ಸೋಸುವುದು ಕಷ್ಟ, ಹರಳು ಉದ್ದುದ್ದ ಬೆಳೆಯುತ್ತದೆ. ಇನ್ನೂ ಒಂದು ತೊಂದರೆ ಇದೆ. ಡೆಕ್ಸ್‌ಟ್ರಾನ್ ಬೆಳಕನ್ನು ಸುಕ್ರೋಸ್‌ಗಿಂತ ಎಷ್ಟೋ ಜಾಸ್ತಿ ಬಲಕ್ಕೆ ತಿರುಗಿಸುತ್ತದೆ. ಹಾಗಾಗಿ ಕೆಟ್ಟ ಕಬ್ಬಿನ ರಸದಲ್ಲಿ ಪೋಲ್ ಓದು ಇರಬೇಕಾದ್ದಕ್ಕಿಂತ ಮೇಲೆ ತೋರಿಸಬಹುದು. ಓದು ಚೆನ್ನಾಗಿದೆ, ಚೀಲಕ್ಕೆ ಸಕ್ಕರೆ ಬರುತ್ತಿಲ್ಲ ಅನ್ನುವ ಒಗಟಿಗೆ ಇದೂ ಒಂದು ಉತ್ತರ.

ಮಹಾಲಿಂಗಪುರದ ಕಡೆ ಬೆಲ್ಲ ಮಾಡುವ ಗಾಣಗಳಲ್ಲಿ ಕಥೆ ಸ್ವಲ್ಪ ಬೇರೆ. ರಸ ಕೊಪ್ಪರಿಗೆಯಲ್ಲಿ ಕಾಯುತ್ತಿದ್ದಂತೆ ಇನ್ವರ್ಟೇಸ್‌ನ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಅದರ ಗುಳಿಯ ಮೂರು ಆಮ್ಲಗಳು ಚೆಲ್ಲಾಪಿಲ್ಲಿಯಾದ ಮೇಲೆ ಗುರುತೂ ಇಲ್ಲ, ವೇಗವೂ ಇಲ್ಲ. ಆಗ ಉಳಿಯುವುದು ರಸದ ಹುಳಿ, ಅಂದರೆ ಪ್ರೋಟಾನ್. ಅದಕ್ಕೆ ಬಿಚ್ಚಿಕೊಳ್ಳುವ ಆಕಾರವೇ ಇಲ್ಲ, ಕುದಿದಷ್ಟೂ ಚುರುಕು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಡೆಯುವ ವೇಗ ಮೂರು ಪಟ್ಟಿನ ಆಸುಪಾಸು, ಪಿಎಚ್ ಒಂದು ಅಂಕ ಇಳಿದರೆ ಹತ್ತು ಪಟ್ಟು. ಸುಣ್ಣದ ತಿಳಿ ಹಾಕುವುದು ಈ ಹುಳಿ ಕಡಿಮೆ ಮಾಡಲು ಕೂಡ. ಹಾಕದಿದ್ದರೆ ಬೆಲ್ಲ ಗಟ್ಟಿಯಾಗದೆ ಜಿನುಗುತ್ತದೆ, ಜಾಸ್ತಿ ಹಾಕಿದರೆ ಗ್ಲೂಕೋಸ್, ಫ್ರಕ್ಟೋಸ್ ಕ್ಷಾರದಲ್ಲಿ ಕೆಟ್ಟು ಬಣ್ಣ ಕಪ್ಪಾಗುತ್ತದೆ.

ಕೊನೆಯದಾಗಿ, ನಿಮ್ಮ ಕಾಲೇಜಿನ ಲ್ಯಾಬಿನಲ್ಲೇ ಮಾಡಬಹುದಾದ ಒಂದು ಪ್ರಯೋಗ. ಸುಕ್ರೋಸ್ ಮತ್ತು ಟ್ರೆಹಲೋಸ್ ತೆಗೆದುಕೊಳ್ಳಿ. ಟ್ರೆಹಲೋಸ್ ಎರಡು ಗ್ಲೂಕೋಸ್ ಸೇರಿದ ಸಕ್ಕರೆ. ಎರಡೂ ಗ್ಲೂಕೋಸ್‌ನಂಥ ಸಕ್ಕರೆ ಪತ್ತೆ ಹಚ್ಚುವ ಬೆನೆಡಿಕ್ಟ್ ದ್ರಾವಣಕ್ಕೆ ಬಣ್ಣ ಕೊಡುವುದಿಲ್ಲ, ಒಡೆದರೆ ಮಾತ್ರ ಕೊಡುತ್ತವೆ. ಯೀಸ್ಟ್‌ನ ಶುದ್ಧ ಇನ್ವರ್ಟೇಸ್ ಪುಡಿ ರಾಸಾಯನಿಕ ಅಂಗಡಿಯಲ್ಲಿ ಸಿಗುತ್ತದೆ. ಜೀವಂತ ಯೀಸ್ಟ್ ಬೇಡ, ಅದರಲ್ಲಿ ಟ್ರೆಹಲೋಸ್ ಒಡೆಯುವ ಬೇರೆ ಕಿಣ್ವ ಇರುತ್ತದೆ. ಪಿಎಚ್ 4.5ರ ಬಫರ್‌ನಲ್ಲಿ ಒಂದೊಂದು ಸಕ್ಕರೆಗೆ ಈ ಕಿಣ್ವ ಹಾಕಿ, 50 ಡಿಗ್ರಿ ನೀರಿನಲ್ಲಿ ಎರಡು ಕೊಳವೆ ಇಡಿ. ಮೂರನೆಯದಕ್ಕೆ ಸುಕ್ರೋಸ್ ಜೊತೆ ಮೊದಲೇ ಚೆನ್ನಾಗಿ ಕುದಿಸಿದ ಕಿಣ್ವ ಹಾಕಿ. ಇನ್ನೆರಡು ಕೊಳವೆಗಳಲ್ಲಿ ಒಂದೊಂದು ಸಕ್ಕರೆ ತೆಗೆದುಕೊಂಡು ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕುದಿಸಿ. ಬೆನೆಡಿಕ್ಟ್ ಹಾಕಿ ಬಿಸಿ ಮಾಡಿದಾಗ, ಕಿಣ್ವದ ಕೊಳವೆಗಳಲ್ಲಿ ಸುಕ್ರೋಸ್ ಜೊತೆ ಕುದಿಸದ ಕಿಣ್ವ ಇರುವುದು ಮಾತ್ರ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಆಮ್ಲದ ಕೊಳವೆಗಳಲ್ಲಿ ಸುಕ್ರೋಸ್ ಬೇಗ ಒಡೆಯುತ್ತದೆ. ಟ್ರೆಹಲೋಸ್ ಬಲು ಗಟ್ಟಿ, ಅದನ್ನು ಬಹಳ ಹೊತ್ತು ಕುದಿಸಬೇಕು. ಬೆನೆಡಿಕ್ಟ್ ಹಾಕುವ ಮೊದಲು ಆಮ್ಲದ ಕೊಳವೆಗಳಿಗೆ ಸೋಡಿಯಂ ಕಾರ್ಬೋನೇಟ್ ಸ್ವಲ್ಪ ಸ್ವಲ್ಪವೇ ಹಾಕಿ ಹುಳಿ ತೆಗೆಯಿರಿ. ಇಲ್ಲದಿದ್ದರೆ ಸಕ್ಕರೆ ಒಡೆದಿದ್ದರೂ ಬಣ್ಣ ಸರಿಯಾಗಿ ಬರುವುದಿಲ್ಲ.